ಮಾತು ನುಂಗೋ ರಕ್ಕಸ

ಒಂದಾನೊಂದು ಕಾಲ ಅಂದರೆ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಇತ್ತಲ್ಲ, ಆ ಕಾಲದಲ್ಲಿ ಒಂದು ಊರಿತ್ತಂತೆ. ಕಾಲು ಕಂಬಳಿ ಒಳಗೆ ಎಳ್ಕೋ ಮಗಾ, ಇದು ಹೆದರಿಕೆ ಕತೆ. ಆ ಊರ ಕಲ್ಯಾಣಿ ಮೆಟ್ಟಿಲ ಮೇಲೆ ಒಬ್ಬ ರಕ್ಕಸ ಬಂದು ಕೂತನಂತೆ. ಅವನಿಗೆ ಅನ್ನ ಬೇಡ, ಮಾಂಸ ಬೇಡ, ಬುದ್ಧಿಮಾತು ಬೇಕು. ಯಾರ ಬಾಯಿಂದಲಾದರೂ ಒಂದು ಒಳ್ಳೆ ಮಾತು ಬಿತ್ತೋ, ಹೊಗೆ ಹಂಗೆ ನುಗ್ಗಿ ಬಂದು, ಇದು ಇನ್ನು ನನ್ನೊಬ್ಬನದೇ ಅಂತ, ಮಾತನ್ನೂ ಆಡಿದವರನ್ನೂ ಒಟ್ಟಿಗೆ ನುಂಗಿಬಿಡೋನಂತೆ. ಲೋಕಕ್ಕೆಲ್ಲ ತಾನೊಬ್ಬನೇ ಜಾಣ ಅನ್ನಿಸ್ಕೋಬೇಕು ಅಂತ ಅವನ ಹಟ.

ಮೊದಲು ಹೆಸರುವಾಸಿ ಜಟ್ಟಿ ಕೆಂಪಣ್ಣ ಅವನ ಹೊಟ್ಟೆಗೆ ಹೋದ. ಆಮೇಲೆ ಸೀಮೆಗೆಲ್ಲ ಹಾಡು ಕಲಿಸಿದ ದೇವೀರಮ್ಮ ಹೋದಳು. ಆಮೇಲೆ ಊರೋರೆಲ್ಲ ಪ್ರಾಣಭಯಕ್ಕೆ ಪೆದ್ದುಪೆದ್ದಾಗಿ ಮಾತಾಡೋಕೆ ಶುರು ಮಾಡಿದರಂತೆ. ಬೇಳೆ ಬೆಂದಿದೆಯಾ ಅಂದರೆ ಎಮ್ಮೆ ಕಪ್ಪಗಿದೆ ಅನ್ನೋರು. ನಗಬೇಡ, ಅವರಿಗೆ ಒಳಗೊಳಗೇ ನಡುಕ.

ಆ ಊರಲ್ಲಿ ಮುದ್ದೀರವ್ವ ಅಂತ ಸೂಲಗಿತ್ತಿ. ಅವಳ ಕೈಲಿ ಹುಟ್ಟದ ಕೂಸೇ ಆ ಸೀಮೇಲಿ ಇಲ್ಲ. ಅವಳ ದೊಡ್ಡ ಮಗಳಿಗೆ ಹೆರಿಗೆ ನೋವು ಬಂತಂತೆ. ಚಿಕ್ಕ ಮಗಳು ಹೂವಿ ಹಿತ್ತಲಲ್ಲಿ ನೀರು ಕಾಯಿಸ್ತಿದ್ದಳು. ಒಳಗೆ ಅಕ್ಕ ಕಿರುಚಿದಳು. ರಕ್ಕಸನ ಭಯ ಗೊತ್ತಿದ್ದೂ ಅವ್ವ ಅವಳಿಗೆ ಮೆಲ್ಲಗೆ ಏನೋ ಅಂದಳು, ಅಷ್ಟೇ, ಮನೆಯೆಲ್ಲ ಹೊಗೆ. ಹೂವಿ ಓಡಿ ಬಂದು ನೋಡಿದರೆ ಅವ್ವನೇ ಇಲ್ಲ. ಕೂಸು ಇನ್ನೂ ಹೊರಗೆ ಬಂದಿಲ್ಲ, ಅಕ್ಕನ ಮುಖ ಬಿಳಿಚಿಹೋಗಿದೆ.

ಅವ್ವ ಬರದಿದ್ದರೆ ಅಕ್ಕನೂ ಉಳಿಯಲ್ಲ, ಕೂಸೂ ಉಳಿಯಲ್ಲ. ಹೂವಿ ಕಲ್ಯಾಣಿಗೆ ಓಡಿದಳಂತೆ. ರಕ್ಕಸನ ಹೊಟ್ಟೆಯಿಂದ ಗುಜುಗುಜು ದನಿ. ನೀನು ಯಾವ ಮಾತು ತಂದಿದೀಯೇ ಅಂತ ಗದರಿದ. ಆ ಬಾಯಿ ಇನ್ನಷ್ಟು ಹೊತ್ತು ತೆರೆದಿದ್ದರೆ ಅವ್ವನ ದನಿಯಾದರೂ ಕೇಳ್ತದೇನೋ ಅಂತ ಹೂವಿಗೆ ಆಸೆ. ನಂಗೆ ಯಾವ ಮಾತೂ ಗೊತ್ತಿಲ್ಲ ಸ್ವಾಮಿ, ನೀವೇ ಅಷ್ಟೊಂದು ನುಂಗಿದೀರಲ್ಲ, ಒಂದು ಹೇಳಿ, ಕೇಳಿಸ್ಕೋತೀನಿ ಅಂದಳಂತೆ.

ಅವನನ್ನ ಹಂಗೆ ಕೇಳಿದೋರೇ ಇರಲಿಲ್ಲ. ಉಬ್ಬಿಹೋದ. ಕಣ್ಣು ಮುಚ್ಕೊಂಡು, ಗರಡಿಗೆ ಬಂದೋನು ಮೊದಲು ಬೀಳೋದು ಕಲೀಬೇಕು ಅಂದ. ಮಾತು ಹೊರಗೆ ಬಂತಲ್ಲ, ಅದರ ಹಿಂದೇನೇ ಕೆಂಪಣ್ಣ ಬಾಯಿಂದ ದೊಪ್ಪಂತ ಬಿದ್ದ. ಇನ್ನೊಂದು ಹೇಳಿ ಸ್ವಾಮಿ ಅಂದಳು. ಹಾಡೋಳಿಗೆ ಎಲ್ಲಿ ಸುಮ್ಮನಾಗಬೇಕು ಅಂತ ತಿಳಿದಿರಬೇಕು ಅಂದ. ದೇವೀರಮ್ಮ ಸೆರಗು ಸರಿಮಾಡ್ಕೊಂಡು ಇಳಿದು ಬಂದಳಂತೆ. ಇನ್ನೊಂದು ಸ್ವಾಮಿ ಅಂದಳು. ಅಷ್ಟೊತ್ತಿಗೆ ಹೊಟ್ಟೆ ಹಗುರ ಆದ ಹಂಗಾಗಿ ರಕ್ಕಸ ಕಣ್ಣು ಬಿಟ್ಟ, ನೋಡಿದ, ಎರಡೂ ಕೈಲಿ ಬಾಯಿ ಅಮುಕಿ ಹಿಡ್ಕೊಂಡ.

ಅವ್ವ ಒಳಗೇ ಉಳಿದಳು. ರಕ್ಕಸನಿಗೆ ನೆನಪು ಮಾಡಿ ಆಡಿಸೋಣ ಅಂದರೆ ಅವ್ವ ಆಡಿದ್ದು ಯಾವ ಮಾತು ಅಂತ ಹೂವಿಗೆ ಗೊತ್ತೇ ಇಲ್ಲ. ರಕ್ಕಸ ಉಸಿರು ಕಟ್ಟಿ ನೀಲಿ ಆದ, ಬೆವೆತ, ನಡುಗಿದ. ನುಂಗಿದ ಮಾತೆಲ್ಲ ಹೋದರೆ ತಾನು ಯಾರು ಅಂತ ಅವನಿಗೂ ಪುಕುಪುಕು. ಹೂವಿ ಅದನ್ನ ಕಂಡಳು. ಹೆರಿಗೆ ಮನೇಲಿ ಇಂಥ ಮುಖ ಎಷ್ಟು ನೋಡಿಲ್ಲ ಅವಳು. ಹತ್ತಿರ ಹೋಗಿ ಅವನ ಬೆನ್ನು ನೀವಿದಳಂತೆ. ಆಗ ಆ ರಕ್ಕಸ ಬೆರಳ ಸಂದಿಯಿಂದ ತನಗೆ ತಾನೇ ಸಮಾಧಾನ ಹೇಳ್ಕೊಂಡ, ಹೆದರಿಕೆ ಆದರೆ ಆಗಲಿ ತಾಯಿ, ಉಸಿರು ಮಾತ್ರ ಕಟ್ಟಬೇಡ.

ಅದೇ ಅವ್ವ ಅಕ್ಕನಿಗೆ ಅಂದಿದ್ದ ಮಾತು, ಅದರ ಹಿಂದೇನೇ ಮುದ್ದೀರವ್ವ ಹೊರಗೆ ಬಂದಳು. ರಕ್ಕಸನ ಕಡೆ ತಿರುಗಿಯೂ ನೋಡದೆ ಮನೆಗೆ ಓಡಿದಳಂತೆ. ಆಮೇಲೆ ಕೂಸು ಹುಟ್ತು, ಹೆಣ್ಣು. ಅಕ್ಕನೂ ಬದುಕಿದಳು. ಹೂವಿ ಮಾತ್ರ ಅವ್ವನ ಮಡಿಲಲ್ಲಿ ಮುಖ ಇಟ್ಟು ಗಳಗಳ ಅತ್ತಳಂತೆ.

ಕಲ್ಯಾಣಿ ಮೆಟ್ಟಿಲ ಮೇಲೆ ರಕ್ಕಸ ಖಾಲಿ ಹೊಟ್ಟೆ ಸವರ್ಕೊಂಡು, ಮೆಲ್ಲಗೆ, ಹಸಿವಾಗ್ತಿದೆ ಅಂದನಂತೆ. ಈ ಸಲ ಬಾಯಿಂದ ಯಾರೂ ಬೀಳಲಿಲ್ಲ. ಅದು ಅವನದೇ ಮಾತು. ದೇವೀರಮ್ಮ ಮುದ್ದೆ ತಂದು ಇಕ್ಕಿದಳಂತೆ. ಅವನು ಉಣ್ಣಲಿ, ನೀನು ಮಲ್ಕೋ, ಕತೆ ಮುಗೀತು.