ಹಣೆಗೆ ಹಚ್ಚಿದ ಮರದ ಪುಡಿ

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಜಪತಪ ಕಡಿಮೆ, ತೋಟದ ಕೆಲಸ ಜಾಸ್ತಿ.

ಹೊಳೆಯ ಮೆಟ್ಟಿಲಿನಿಂದ ಧ್ಯಾನದ ಮನೆಯವರೆಗೆ ಎರಡು ಸಾಲು ನೇರಳೆ ಮರ. ನಡುವೆ ಕಲ್ಲುಹಾಸಿನ ದಾರಿ, ಆಚೀಚೆ ಹುಲ್ಲುಹಾಸು, ಅಳತೆ ಹಿಡಿದು ಕತ್ತರಿಸಿದ ಬೇಲಿಗಿಡ. ಇದನ್ನೆಲ್ಲ ನೋಡಲೆಂದೇ ಜನ ಬರುತ್ತಿದ್ದರು. ದಾರಿಯಲ್ಲಿ ಒಂದು ಒಣಕಡ್ಡಿ ಬಿದ್ದರೂ ಆಶ್ರಮದ ಮಾನ ಹೋಯಿತೆಂಬಂತೆ ಯಾರಾದರೂ ಓಡಿ ಬಂದು ಎತ್ತುತ್ತಿದ್ದರು.

ಗುರುಗಳ ಹೆಸರು ಓಂಕಾರಪ್ಪ. ರೆಂಬೆ ಕತ್ತರಿಸಿ ಮರ ಸವರುವುದರಲ್ಲಿ ಅವರದು ಎತ್ತಿದ ಕೈ. ಮಾತಿನಲ್ಲಿ ಮಾತ್ರ ಬಲು ಬಿಗಿ.

ಯಾರು ಏನು ಕೇಳಿದರೂ ಅರ್ಧ ಉತ್ತರ ಕೊಡುತ್ತಿದ್ದರು, ಇಲ್ಲವೇ ಸುಮ್ಮನಿರುತ್ತಿದ್ದರು. ಕೇಳಿದವರು ಆ ಮೌನದಲ್ಲೇ ಏನೋ ಕಂಡುಕೊಂಡು, ತಲೆದೂಗಿ, ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ಭಕ್ತರೊಬ್ಬರು ಊಟದ ಮನೆಯ ಗೋಡೆಯ ಮೇಲೆ ಬರೆಸಿಯೂ ಇದ್ದರು.

ಅಲ್ಲಿ ಒಂದು ಪದ್ಧತಿಯಿತ್ತು. ಬಂದ ಶಿಷ್ಯ ಮೂರು ವರ್ಷ ಗರಗಸ ಮುಟ್ಟುವಂತಿಲ್ಲ. ಗುರು ಸವರಿದ ರೆಂಬೆಗಳನ್ನು ಹೊತ್ತು ಹಾಕಬೇಕು, ನೋಡಿ ಕಲಿಯಬೇಕು. ಆಮೇಲೆ ಒಂದು ಕೊಂಬೆ ತೆಗೆಯಲು ಕೊಡುತ್ತಾರೆ. ಕೆಲಸ ಒಪ್ಪಿಗೆಯಾದರೆ, ಗರಗಸದಿಂದ ಉದುರಿದ ಮರದ ಪುಡಿಯನ್ನು ಚಿಟಿಕೆಯಷ್ಟು ತೆಗೆದು ಶಿಷ್ಯನ ಹಣೆಗೆ ಹಚ್ಚುತ್ತಾರೆ.

ಅದೇ ದೀಕ್ಷೆ. ಬೇರೆ ಮಂತ್ರವಿಲ್ಲ.

ತಿಪ್ಪೇಶ ಎಂಬ ಶಿಷ್ಯ ಮೂರು ವರ್ಷ ಕಣ್ಣಿಟ್ಟು ನೋಡಿದ.

ಗುರುಗಳು ಕೊಂಬೆ ತೆಗೆದಲ್ಲೆಲ್ಲ ಕಾಂಡದ ಮೇಲೆ ಒಂದು ಉಬ್ಬು ಉಳಿಯುತ್ತಿತ್ತು. ಕೊಂಬೆಯ ಬುಡಕ್ಕೆ ಬಳೆ ತೊಡಿಸಿದ ಹಾಗೆ ಇರುತ್ತದಲ್ಲ, ಆ ಉಬ್ಬು. ತಿಪ್ಪೇಶನಿಗೆ ಅದು ಅಂದಗೇಡಿಯಾಗಿ ಕಂಡಿತು.

‘ವಯಸ್ಸಾಯಿತು. ಕೈ ನಡುಗುತ್ತದೆ. ಗರಗಸ ಕಾಂಡದ ತನಕ ಹೋಗುವುದಿಲ್ಲ’ ಎಂದುಕೊಂಡ.

ಕೇಳಿದರೆ ಗುರುಗಳಿಗೆ ನೋವಾದೀತೆಂದು ಕೇಳಲಿಲ್ಲ. ತನ್ನ ಸರದಿ ಬಂದಾಗ ಚೊಕ್ಕವಾಗಿ ಮಾಡಿ ತೋರಿಸಬೇಕೆಂದು ಮನಸ್ಸಿನಲ್ಲೇ ಇಟ್ಟುಕೊಂಡ. ಪಾಪ, ಪ್ರೀತಿಯಿಂದಲೇ.

ಸರದಿ ಬಂತು. ಮೆಟ್ಟಿಲ ಪಕ್ಕದ ಮೊದಲ ನೇರಳೆ, ಅದರ ಕೆಳಗೆ ಗುರುಗಳು ದಿನವೂ ಕೂರುವ ಕಲ್ಲುಬೆಂಚು. ತೊಡೆ ಗಾತ್ರದ ಕೊಂಬೆಯೊಂದು ದಾರಿಯ ಮೇಲೆ ಬಾಗಿ, ಸ್ನಾನ ಮಾಡಿ ಬರುವವರ ಮಡಿಬಟ್ಟೆಗೆಲ್ಲ ಹಣ್ಣಿನ ಕಲೆ ಮಾಡುತ್ತಿತ್ತು.

ತಿಪ್ಪೇಶ ಏಣಿ ಹತ್ತಿದ. ಮೊದಲು ಕೆಳಗಿನಿಂದ ಒಂದು ಗೀರು ಹಾಕಿದ, ತೊಗಟೆ ಹರಿಯದಿರಲೆಂದು. ಆಮೇಲೆ ಮೇಲಿನಿಂದ ಕೊಯ್ದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕೊನೆಗೆ ಆ ಉಬ್ಬನ್ನೂ ಸೇರಿಸಿ ಕಾಂಡದ ಸಮಕ್ಕೆ ತೆಗೆದುಬಿಟ್ಟ.

“ಬನ್ನಿ ಗುರುಗಳೇ, ಮುಟ್ಟಿ ನೋಡಿ,” ಎಂದು ಏಣಿ ಇಳಿದು ಕರೆದ. “ಇರುವೆ ಹತ್ತಿದ್ರೂ ಎಡವಲ್ಲ.”

ಗುರುಗಳು ಏಣಿಯ ಎರಡು ಮೆಟ್ಟಿಲು ಹತ್ತಿ, ಗಾಯದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಆಮೇಲೆ ತಿರುಗಿ ಶಿಷ್ಯನ ಮುಖ ನೋಡಿದರು.

ತಿಪ್ಪೇಶ ನಗುತ್ತಿದ್ದ.

ಗುರುಗಳು ಕೆಳಗಿಳಿದರು. ಏನೂ ಹೇಳಲಿಲ್ಲ. ಹುಲ್ಲಿನ ಮೇಲೆ ಬಿದ್ದಿದ್ದ ಪುಡಿಯನ್ನು ಚಿಟಿಕೆ ತೆಗೆದು ಅವನ ಹಣೆಗೆ ಹಚ್ಚಿದರು.

ಮೌನಂ ಸಮ್ಮತಿ ಲಕ್ಷಣಂ. ತಿಪ್ಪೇಶ ಅಂದು ಊಟ ಮಾಡುವುದನ್ನೂ ಮರೆತ.

ಹನ್ನೆರಡು ವರ್ಷ ಕಳೆಯಿತು. ಗುರುಗಳು ಗರಗಸ ಕೆಳಗಿಟ್ಟು ಕಲ್ಲುಬೆಂಚು ಹಿಡಿದರು. ತೋಟವೆಲ್ಲ ತಿಪ್ಪೇಶನ ಕೈಗೆ ಬಂತು. ಅವನು ಸವರಿದ ಮರಗಳು ಕನ್ನಡಿಯ ಹಾಗೆ ನುಣ್ಣಗಿರುತ್ತವೆ ಎಂದು ಹೆಸರಾಯಿತು. ಬೇರೆ ತೋಟಗಳವರೂ ಬಂದು ನೋಡಿ ಹೋದರು.

ಅವನಿಗೂ ಒಬ್ಬ ಶಿಷ್ಯೆ ಸಿಕ್ಕಳು. ದಾಕ್ಷಾಯಣಿ ಎಂದು ಹೆಸರು. ನಡುವಯಸ್ಸಿನವಳು, ಹಿಂದೆ ನರ್ಸರಿಯೊಂದರಲ್ಲಿ ಕಸಿ ಕಟ್ಟುತ್ತಿದ್ದವಳು. ಪದ್ಧತಿಯಂತೆ ಮೂರು ವರ್ಷ ರೆಂಬೆ ಹೊತ್ತಳು.

“ನಾಳೆ ಧ್ಯಾನದ ಮನೆ ಹಿಂದಿನ ಎಳೆ ಹೊಂಗೆಗಳನ್ನ ನೀನೇ ಸವರಮ್ಮ,” ಎಂದು ತಿಪ್ಪೇಶ ಒಂದು ಸಂಜೆ ಗರಗಸವನ್ನು ಅವಳ ಕೈಗೆ ಕೊಟ್ಟ.

ಮರುದಿನ ಬೆಳಿಗ್ಗೆ, ಎಲೆ ಅಲುಗುವಷ್ಟೂ ಗಾಳಿಯಿಲ್ಲದ ಹೊತ್ತಿನಲ್ಲಿ, ಮೊದಲ ನೇರಳೆ ನಡುವೆಯೇ ಮುರಿದು ಬಿತ್ತು.

ಕಲ್ಲುಬೆಂಚು ಎರಡು ತುಂಡಾಯಿತು. ಗುರುಗಳು ಹೊಳೆಯಲ್ಲಿ ಸ್ನಾನಕ್ಕೆ ಇಳಿದಿದ್ದರು. ಅದೊಂದೇ ಪುಣ್ಯ.

ತಿಪ್ಪೇಶ ಓಡಿ ಬಂದ. ಮುರಿದ ಕಾಂಡದೊಳಗೆ ಕೈ ಹಾಕಿದ. ಮೊಣಕೈ ತನಕ ಹೋಯಿತು. ಒಳಗೆ ಮರವೇ ಇರಲಿಲ್ಲ. ನೆನೆಸಿದ ಅವಲಕ್ಕಿಯಂಥ ಕಂದು ಪುಡಿ ಹಿಡಿಗೆ ಬಂತು. ಆ ಪೊಳ್ಳಿನ ಬಾಯಿ ಎಲ್ಲಿದೆಯೆಂದು ನೋಡಿದ. ಹನ್ನೆರಡು ವರ್ಷದ ಹಿಂದೆ ತಾನು ಕೊಯ್ದ ಜಾಗದಲ್ಲೇ ಇತ್ತು. ಗಾಯ ಮುಚ್ಚಿರಲೇ ಇಲ್ಲ.

ಸದ್ದು ಕೇಳಿ ದಾಕ್ಷಾಯಣಿಯೂ ಬಂದಳು.

“ಅಯ್ಯೋ, ಏನಾಯ್ತು ಅಣ್ಣ? ಒಳಗೆ ಹುಳ ಹೊಡೆದಿತ್ತಾ?”

“ಏನಿಲ್ಲ, ಹಳೇ ಮರ,” ಎಂದ ತಿಪ್ಪೇಶ, ಪೊಳ್ಳಿಗೆ ಬೆನ್ನು ಕೊಟ್ಟು ನಿಂತು. “ನೀನು ನಿನ್ನ ಕೆಲಸಕ್ಕೆ ಹೋಗು.”

ಅವಳು ಹೋದಳು.

ತಿಪ್ಪೇಶ ಕುಡುಗೋಲಿನ ಹಿಡಿಯಿಂದ ಸಾಲಿನ ಮರಗಳನ್ನು ಒಂದೊಂದಾಗಿ ತಟ್ಟುತ್ತ ನಡೆದ. ತಾನು ದೊಡ್ಡ ಕೊಂಬೆ ತೆಗೆದ ಮರಗಳೆಲ್ಲ ಡೋಲಿನ ಹಾಗೆ ಸದ್ದು ಮಾಡಿದವು. ತಾನು ಮುಟ್ಟದವು ಮಾತ್ರ ಗಟ್ಟಿಯಾಗಿದ್ದವು. ಅವುಗಳ ಮೇಲೆ ಗುರುಗಳ ಹಳೆಯ ಕೊಯ್ತಗಳಿದ್ದವು. ಆ ಅಂದಗೇಡಿ ಉಬ್ಬು ಸುತ್ತಲಿನಿಂದ ಬೆಳೆದು, ಹೊಸ ತೊಗಟೆ ತಂದು, ಗಾಯವನ್ನು ಪೂರಾ ಮುಚ್ಚಿಬಿಟ್ಟಿತ್ತು.

ಕೈ ನಡುಗಿ ಉಳಿದದ್ದಲ್ಲ ಅದು.

ತಿಪ್ಪೇಶ ದಾರಿಯ ನಡುವೆಯೇ ಕುಳಿತುಬಿಟ್ಟ.

ಮಧ್ಯಾಹ್ನ ಗುರುಗಳು ಮುರಿದ ಬೆಂಚಿನ ಒಂದು ತುಂಡಿನ ಮೇಲೆ ಕುಳಿತಿದ್ದರು. ತಿಪ್ಪೇಶ ಬಂದು ಎದುರಿಗೆ ನೆಲದ ಮೇಲೆ ಕುಳಿತ.

“ಗುರುಗಳೇ, ಮರದ ಗಾಯ ಮುಚ್ಚೋದು ಆ ಉಬ್ಬೇ ಅಲ್ವಾ?”

“ಹೌದು.”

“ಅದನ್ನ ತೆಗೆದ್ರೆ ಮರ ಗಾಯ ಮುಚ್ಚೋಕಾಗಲ್ಲ.”

“ಆಗಲ್ಲ.”

“ಅವತ್ತು ನೀವು ಹೆಬ್ಬೆರಳು ಇಟ್ಟು ನೋಡಿದ್ರಿ.”

“ನೋಡಿದೆ.”

“ಗೊತ್ತಾಯ್ತಾ?”

“ಮುಟ್ಟಿದ ಕೂಡಲೇ ಗೊತ್ತಾಯ್ತು.”

ಆದರೂ ತಿಪ್ಪೇಶ ಕೈ ಮುಗಿದ. ಹಳೆಯ ಅಭ್ಯಾಸ ಎಲ್ಲಿ ಹೋದೀತು?

“ಹಂಗಾದ್ರೆ ಅವತ್ತಿನ ನಿಮ್ಮ ಮೌನದಲ್ಲಿ ಏನೋ ಪಾಠ ಇತ್ತು. ನನಗೆ ತಿಳೀಲಿಲ್ಲ. ಹನ್ನೆರಡು ವರ್ಷ ಆದ್ರೂ ತಿಳೀಲಿಲ್ಲ. ಈಗಲಾದ್ರೂ ಅದರ ಅರ್ಥ ಹೇಳಿ.”

“ಅರ್ಥ ಇಲ್ಲ ಕಣಪ್ಪ.”

“ಅಂದ್ರೆ?”

“ಹೇಳೋಕೆ ಧೈರ್ಯ ಬರಲಿಲ್ಲ. ಅಷ್ಟೇ.”

ತಿಪ್ಪೇಶ ಮುಗಿದ ಕೈ ಇಳಿಸಿದ.

“ಪುಡಿ ಹಚ್ಚಿದ್ರಲ್ಲ ಗುರುಗಳೇ!”

“ಹಚ್ಚಿದೆ. ನೀನು ಅಷ್ಟು ಖುಷಿಯಾಗಿದ್ದೆ. ಮೂರು ವರ್ಷ ಕಾದಿದ್ದೆ. ಇವತ್ತೊಂದು ದಿನ ಖುಷಿಯಾಗಿರಲಿ, ನಾಳೆ ಹೇಳಿದರಾಯ್ತು ಅಂದುಕೊಂಡೆ.”

“ನಾಳೆ ಯಾಕೆ ಹೇಳಲಿಲ್ಲ?”

“ಮರುದಿನ ಬೆಳಿಗ್ಗೆ ನಾನು ಎದ್ದು ಬರೋ ಹೊತ್ತಿಗೆ ನೀನು ಎರಡನೇ ಮರ ಮುಗಿಸಿದ್ದೆ. ಈಗ ಹೇಳಿದ್ರೆ ಎರಡು ತಪ್ಪು ಹೇಳಬೇಕಲ್ಲ ಅನ್ನಿಸ್ತು. ಮಳೆಗಾಲ ಕಳೀಲಿ ಅಂದುಕೊಂಡೆ. ಅಷ್ಟರಲ್ಲಿ ಹತ್ತಾದವು. ಆಮೇಲೆ ನಿನಗೆ ಹೆಸರು ಬಂತು. ದಿನ ಹೋದಂಗೆ ಹೇಳೋದು ಭಾರ ಆಗ್ತಾ ಹೋಯ್ತು.”

“ನಾನು ಪ್ರತಿ ವರ್ಷ ನಿಮ್ಮನ್ನ ಕರ್ಕೊಂಡು ಬಂದು ತೋರಿಸ್ತಿದ್ದೆ. ನೀವು ಸುಮ್ಮನೆ ನೋಡ್ತಿದ್ರಿ. ನಾನು ಅದನ್ನ ಆಶೀರ್ವಾದ ಅಂದುಕೊಂಡಿದ್ದೆ!”

“ಊರೆಲ್ಲ ಹಂಗೇ ಅಂದುಕೊಳ್ತು. ಗೋಡೆ ಮೇಲೆ ಬರೆಸಿದ್ರು. ಬರ್ತಾ ಬರ್ತಾ ನಾನೂ ಅದನ್ನೇ ನಂಬಿದೆ ತಿಪ್ಪೇಶ. ಸುಮ್ಮನಿರೋದು ಸುಲಭ ಇತ್ತು.”

ತಿಪ್ಪೇಶನಿಗೆ ಸಿಟ್ಟು ಬಂತು. ಗುರುಗಳ ಮೇಲೆ ಸಿಟ್ಟು ಮಾಡಬಾರದೆಂಬುದು ನೆನಪಿಗೆ ಬರುವ ಮೊದಲೇ ಬಂದುಬಿಟ್ಟಿತು.

“ಒಂದು ಮಾತು ಗುರುಗಳೇ. ಒಂದೇ ಒಂದು ಮಾತು. ‘ಆ ಉಬ್ಬು ಬಿಡೋ ದಡ್ಡ’ ಅಂದಿದ್ರೆ ಸಾಕಿತ್ತು. ನಾನು ಒಂದು ದಿನ ಅತ್ತು ಸುಮ್ಮನಾಗ್ತಿದ್ದೆ.”

“ಹೌದು.”

“ಈ ಸಾಲು ಉಳೀತಿತ್ತು.”

“ಉಳೀತಿತ್ತು.”

ಗುರುಗಳ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ತಿಪ್ಪೇಶ ಹದಿನೈದು ವರ್ಷದಲ್ಲಿ ಅದನ್ನು ನೋಡಿರಲಿಲ್ಲ. ಅವನ ಸಿಟ್ಟು ಅಲ್ಲೇ ಇಳಿದುಹೋಯಿತು. ಅದರ ಜಾಗಕ್ಕೆ ಬಂದದ್ದು ಸಿಟ್ಟಿಗಿಂತ ಕಷ್ಟದ್ದು.

“ನಾನೂ ಕೇಳಲಿಲ್ಲ,” ಎಂದ ಮೆಲ್ಲಗೆ. “ಮೂರು ವರ್ಷ ಆ ಉಬ್ಬು ನೋಡ್ತಾ ಇದ್ದೆ. ಯಾಕೆ ಬಿಡ್ತೀರಿ ಅಂತ ಕೇಳಲಿಲ್ಲ. ನಿಮ್ಮ ಕೈ ನಡುಗುತ್ತೆ ಅಂದುಕೊಂಡಿದ್ದೆ. ಕೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ.”

ಗುರುಗಳು ತಮ್ಮ ಬಲಗೈಯನ್ನು ಮುಂದೆ ಚಾಚಿದರು. ಬೆರಳುಗಳು ನೆಟ್ಟಗೆ ನಿಂತವು. ಎಂಬತ್ತು ದಾಟಿದ್ದರೂ ಒಂದಿಷ್ಟೂ ನಡುಗಲಿಲ್ಲ.

ಇಬ್ಬರೂ ಆ ಕೈಯನ್ನು ನೋಡುತ್ತ ಕುಳಿತರು.

“ಉಳಿದ ಪೊಳ್ಳು ಮರಗಳಿಗೆ ಏನಾದ್ರೂ ದಾರಿ ಐತಾ?” ಎಂದು ತಿಪ್ಪೇಶ ಕೇಳಿದ.

“ಕೊಯ್ದದ್ದು ಮತ್ತೆ ಬರಲ್ಲ. ಮೇಲಿನ ರೆಂಬೆಗಳ ಭಾರ ಇಳಿಸು, ಸ್ವಲ್ಪ ಸ್ವಲ್ಪವಾಗಿ. ದಾರಿ ಮುಚ್ಚು, ಕೆಳಗೆ ಯಾರೂ ಓಡಾಡೋದು ಬೇಡ. ಕೆಲವು ಪೊಳ್ಳು ಇಟ್ಟುಕೊಂಡೇ ಬದುಕ್ತವೆ. ಕೆಲವನ್ನ ನೀನೇ ಕಡಿದು ಇಳಿಸಬೇಕಾಗುತ್ತೆ.”

“ಜನ ಕೇಳ್ತಾರೆ.”

“ನನ್ನ ಹೆಸರು ಹೇಳು.”

“ಕೊಯ್ದದ್ದು ನಾನು.”

“ಪುಡಿ ಹಚ್ಚಿದ್ದು ನಾನು.”

ಆಗ ದಾರಿಯ ಆ ತುದಿಯಿಂದ, ಧ್ಯಾನದ ಮನೆಯ ಕಡೆಯಿಂದ, ಕೂಗು ಕೇಳಿಸಿತು.

“ತಿಪ್ಪೇಶಣ್ಣಾ!”

ದಾಕ್ಷಾಯಣಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಕೂದಲ ತುಂಬ ಹೊಂಗೆಯ ಎಲೆಚೂರು. ಬಲಗೈ ಮುಷ್ಟಿ ಕಟ್ಟಿ ಎದೆಗೆ ಒತ್ತಿ ಹಿಡಿದಿದ್ದಳು.

“ಮೊದಲನೇದು ಮುಗೀತು ಅಣ್ಣ! ಬಂದು ನೋಡು. ಥೇಟ್ ನಿನ್ನಂಗೇ ಮಾಡೀನಿ. ಇರುವೆ ಹತ್ತಿದ್ರೂ ಎಡವಲ್ಲ!”

ತಿಪ್ಪೇಶ ಕುಳಿತಲ್ಲೇ ಕಲ್ಲಾದ. ಬೆಳಿಗ್ಗೆಯಿಂದ ಅವನಿಗೆ ಹೊಂಗೆಯ ನೆನಪೇ ಬಂದಿರಲಿಲ್ಲ. ಪೊಳ್ಳು ಕಾಣದಿರಲೆಂದು ಅವಳನ್ನು ಅಲ್ಲಿಗೆ ಕಳಿಸಿದವನೂ ಅವನೇ.

“ಪುಡೀನೂ ತಂದೀನಿ,” ಎಂದು ಅವಳು ಮುಷ್ಟಿ ಮೇಲೆತ್ತಿ ತೋರಿಸಿದಳು. “ನೀನು ಹಚ್ಚಿದ ಕೂಡಲೇ ಎರಡನೇ ಮರ ಶುರು ಮಾಡ್ತೀನಿ.”

ಅವಳು ನಡೆದು ಬರತೊಡಗಿದಳು. ಪುಡಿ ಚೆಲ್ಲದಿರಲೆಂದು ಅವಸರವಿಲ್ಲದೆ, ಎರಡೂ ಕಡೆಯ ನೇರಳೆಗಳ ನಡುವಿನಿಂದ, ನಗುತ್ತ. ಇನ್ನು ಮೂವತ್ತು ಹೆಜ್ಜೆ ಉಳಿದಿರಬೇಕು.

‘ಚೆನ್ನಾಗೈತಮ್ಮ’ ಎಂಬ ಮಾತು ತಿಪ್ಪೇಶನ ನಾಲಗೆಯ ತುದಿಗೆ ತಾನಾಗಿಯೇ ಬಂತು. ಕಷ್ಟಪಟ್ಟು ನುಂಗಿಕೊಂಡ.

“ಗುರುಗಳೇ,” ಎಂದ ಪಿಸುಮಾತಿನಲ್ಲಿ, “ಮೂರು ವರ್ಷ ಕಾದಾಳೆ. ಇವತ್ತೊಂದು ದಿನ...”

ಅಲ್ಲಿಗೆ ತಾನಾಡಿದ್ದು ಅವನಿಗೇ ಕೇಳಿಸಿತು. ಮಾತು ನಿಂತಿತು.

ಇಪ್ಪತ್ತು ಹೆಜ್ಜೆ. ಹತ್ತು.

ತಿಪ್ಪೇಶ ಎದ್ದು ನಿಂತ. ಗುರುಗಳು ಕೈ ಚಾಚಿ ಅವನ ಪಂಚೆಯ ಅಂಚು ಹಿಡಿದು ಹತ್ತಿರಕ್ಕೆ ಎಳೆದರು.

“ಹೇಳಿ ಮುಗಿಯೋ ತನಕ ಅವಳ ಮುಖ ನೋಡಬೇಡ,” ಎಂದರು. “ನಾನು ಅವತ್ತು ನಿನ್ನ ಮುಖ ನೋಡಿಬಿಟ್ಟೆ.”