ನಿಂತ ಮುಳ್ಳು

"ಅಜ್ಜಾರೇ, ನನಗೆ ಶಾಂತಿ ಎಂದು ಸಿಗುತ್ತದೆ?" ಎಂದು ಶಿಷ್ಯ ಕೇಳಿದ. ಕೇಳುವಾಗಲೂ ಅವನು ಒಂದು ಕಡೆ ಕೂತಿರಲಿಲ್ಲ. ಕಂಬಕ್ಕೆ ಒರಗಿದ, ಎದ್ದ, ಮತ್ತೆ ಕೂತ. "ಜಪ ಮಾಡಿದೆ, ಉಪವಾಸ ಮಾಡಿದೆ. ಹೊತ್ತುಹೊತ್ತಿಗೂ ಮನಸ್ಸನ್ನು ತಿದ್ದುತ್ತಲೇ ಇದ್ದೇನೆ. ತಿದ್ದಿದಷ್ಟೂ ಅದು ಕುದಿಯುತ್ತದೆ."

ಮಠದ ಅಜ್ಜನವರು ಕತೆ ಹೇಳಿದರು.

ಒಂದು ಊರಿನಲ್ಲಿ ನೂಲಿಗೆ ಬಣ್ಣ ಹಾಕುವ ಗಿರಣಿ ಇತ್ತು. ಸಣ್ಣ ಗಿರಣಿಯಲ್ಲ ಮತ್ತೆ! ಅದರ ಚಿಮಣಿಯ ನೆರಳಿನಲ್ಲಿ ಮೂರು ಊರಿನ ದನ ಮಲಗಿ ಮೆಲುಕು ಹಾಕುತ್ತಿದ್ದವು. ಅದಕ್ಕೆ ದೂರದ ಕೆರೆಯಿಂದ ಕೊಳವೆಯಲ್ಲಿ ನೀರು ಬರುತ್ತಿತ್ತು. ಕೊಳವೆ ಎಷ್ಟು ಉದ್ದವೆಂದರೆ, ಕೆರೆಯ ತುದಿಯಲ್ಲಿ ಹೊಕ್ಕ ಮರಿಮೀನು ಗಿರಣಿಯ ತುದಿಯಲ್ಲಿ ಹೊರಬೀಳುವಷ್ಟರಲ್ಲಿ ಮೊಮ್ಮಕ್ಕಳನ್ನು ಕಂಡಿರುತ್ತಿತ್ತು.

ಕೆರೆಯ ದಂಡೆಯ ಮೇಲೆ ಒಂದು ಕೋಣೆ. ಕೋಣೆಯಲ್ಲಿ ನೀರು ಬಿಡುವ ವಾಲ್ವು. ಅದಕ್ಕೆ ಬಂಡಿಯ ಗಾಲಿಯಷ್ಟು ದೊಡ್ಡ ಚಕ್ರ. ಗೋಡೆಯ ಮೇಲೆ ಒಂದು ಮೀಟರು. ಅಲ್ಲಿ ಗಿರಣಿಯಲ್ಲಿ ಎಷ್ಟು ನೀರು ಬೀಳುತ್ತಿದೆ ಎಂಬುದನ್ನು ಆ ಮೀಟರಿನ ಮುಳ್ಳು ಇಲ್ಲೇ ತೋರಿಸುತ್ತಿತ್ತು. ಮುಳ್ಳು ಕೆಂಪು ಗೆರೆಯ ಮೇಲೆ ನಿಂತರೆ ನೀರು ಸರಿ, ಬಣ್ಣವೂ ಸರಿ.

ಚಕ್ರ ತಿರುಗಿಸಲು ಒಬ್ಬ ಆಳು ಇದ್ದ. ಇಲ್ಲಿ ತಿರುಗಿಸಿದ್ದು ಅಲ್ಲಿ ಮುಟ್ಟಲು ಒಂದು ಎಲೆಯಡಿಕೆ ಜಗಿದು ಉಗುಳುವಷ್ಟು ಹೊತ್ತು ಬೇಕು. ಅಷ್ಟು ತಾಳ್ಮೆ ಅವನಿಗೆ ಎಲ್ಲಿಂದ ಬರಬೇಕು? ಮುಳ್ಳು ತುಸು ಇಳಿದರೆ ಚಕ್ರ ಬಿಚ್ಚುತ್ತಿದ್ದ. ಮುಳ್ಳು ಏಳಲಿಲ್ಲವೆಂದು ಇನ್ನಷ್ಟು ಬಿಚ್ಚುತ್ತಿದ್ದ. ಆಮೇಲೆ ಎರಡು ಸಲದ ನೀರೂ ಒಟ್ಟಿಗೆ ಹೋಗಿ ಬಿದ್ದು ಮುಳ್ಳು ಕುಪ್ಪಳಿಸುತ್ತಿತ್ತು. ಕೂಡಲೇ ಬಿಗಿಯುತ್ತಿದ್ದ, ಇಳಿಯಲಿಲ್ಲವೆಂದು ಮತ್ತೂ ಬಿಗಿಯುತ್ತಿದ್ದ. ಉಣ್ಣುವಾಗಲೂ ಎಡಗೈ ಚಕ್ರದ ಮೇಲೆಯೇ. ನಿದ್ದೆಯಲ್ಲಿ ಕಂಬಳಿಯನ್ನು ತಿರುವುತ್ತಿದ್ದ. ಗಿರಣಿಯಲ್ಲಿ ಒಂದೇ ನೂಲು ಒಂದು ಮೊಳ ಕಡುಗೆಂಪಾಗಿ, ಇನ್ನೊಂದು ಮೊಳ ಬಿಳಿಚಿಕೊಂಡು ಬರುತ್ತಿತ್ತು. "ನೀರಿಗೆ ದೆವ್ವ ಹೊಕ್ಕಿದೆ. ನಾನಿರುವುದಕ್ಕೆ ಇಷ್ಟಾದರೂ ನಡೆದಿದೆ" ಎಂದು ಅವನು ಕಂಡಕಂಡವರಿಗೆ ಹೇಳುತ್ತಿದ್ದ.

ಅವನ ಮಗಳು ಹೆರಿಗೆಗೆ ತವರಿಗೆ ಬಂದವಳು ಗಂಡು ಹಡೆದಿದ್ದಳು. ಮಗು ಕೊರಳು ನಿಲ್ಲಿಸಿ ನಗುವಂತಾದರೂ ಅವನು ಅದರ ಮುಖ ನೋಡಿರಲಿಲ್ಲ. ಆ ಸೀಮೆಯ ಪದ್ಧತಿ ಏನೆಂದರೆ, ಮಗು ತಂದೆಯ ಮನೆಗೆ ಹೊರಡುವ ದಿನ ತಾಯಿಯ ತಂದೆ ಅದರ ನಡುವಿಗೆ ತನ್ನ ಕೈಯಿಂದಲೇ ಉಡದಾರ ಕಟ್ಟಬೇಕು. ಆ ದಿನ ಬಂತು. ಹೆಂಡತಿ ಕೆರೆದಂಡೆಗೆ ಬಂದು ಬಾಗಿಲಲ್ಲಿ ನಿಂತಳು.

"ಅಳಿಯ ಬಂದು ಕುಂತಾನ. ಏಳ್ರಿ."

"ನಾ ಕೈ ಬಿಟ್ರ ಗಿರಣಿ ತೇಲಿಹೋಗಿ ಸಮುದ್ರ ಸೇರತೈತಿ, ತಿಳೀತೇನು?"

"ಸೇರಲಿ, ಸಮುದ್ರಕ್ಕೂ ಒಂದಿಷ್ಟು ಬಣ್ಣ ಬಂದೀತು. ಇಲ್ಲಾಂದ್ರ ಹೇಳ್ರಿ, ಆ ಮುಳ್ಳಿಗೇ ಕೂಸಿಗೆ ಹೊಲಿದಂಗ ಒಂದು ಕುಂಚಿಗಿ ಹೊಲಿತೀನಿ. ತೊಟ್ಟಿಲಾಗ ಹಾಕಿ ತೂಗ್ಕೋತ ಕುಂದರ್ರಿ!"

ಅವಳು ಅವನ ರಟ್ಟೆ ಹಿಡಿದು ಹೊರಗೆಳೆದಳು. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು.

ಮನೆಯಲ್ಲಿ ಆರತಿ, ಊಟ ಮುಗಿದು ಹೊತ್ತು ಇಳಿದ ಮೇಲೆ ಕೂಸನ್ನು ಅವನ ತೊಡೆಯ ಮೇಲೆ ಇಟ್ಟರು. ಅವನು ಉಡದಾರ ಸುತ್ತಿದ. ಸಡಿಲವಾಯಿತೆಂದು ಬಿಗಿದ. ಬಿಗಿಯಾಯಿತೆಂದು ಸಡಿಲಿಸಿದ. ಮತ್ತೆ ಬಿಗಿದ. ಕೂಸು ಚಿಟ್ಟನೆ ಚೀರಿತು. ಅವನ ಕಿವಿ ಮಾತ್ರ ಕೆರೆಯ ಕಡೆಗೇ ಇತ್ತು. "ತಡೀರಿ, ಒಂದು ಸಲ ನೋಡಿ ಬಂದುಬಿಡ್ತೀನಿ" ಎಂದವನೇ ಗಂಟು ಹಾಕದೆ ದಾರವನ್ನು ಮಗಳ ಕೈಗೆ ತುರುಕಿ ಓಡಿದ. ಹೇಗೆ ಓಡಿದನೆಂದರೆ, ಅವನ ನೆರಳು ಅರ್ಧ ದಾರಿಯಲ್ಲೇ ದಣಿದು ಹಿಂದೆ ಉಳಿಯಿತು.

ಕೋಣೆಯ ಮುಂದೆ ಗಿರಣಿಯ ಜವಾನ ಸೈಕಲ್ ಹಿಡಿದು ನಿಂತಿದ್ದ. "ಕಾಕಾ, ಇವತ್ತು ನೂಲು ನೋಡಬೇಕಿತ್ತು ನೀವು! ಉದ್ದಕ್ಕೂ ಒಂದೇ ಕೆಂಪು. ಏನು ಮಾಡಿದಿರಿ?" ಎಂದ.

ಜವಾನ ಹೋದ ಮೇಲೆ ಕಿಟಕಿಯಲ್ಲಿ ಇಣುಕಿದ. ಮುಳ್ಳು ಕೆಂಪು ಗೆರೆಯ ಮೇಲೆ ನಿಂತಿತ್ತು. ಹಲ್ಲಿ ಗೋಡೆ ಕಚ್ಚಿಕೊಂಡಂತೆ ನಿಂತಿತ್ತು. ಇಷ್ಟು ವರ್ಷ ಅವನು ಬಡಿದಾಡಿದ್ದು ಇದೊಂದನ್ನು ನೋಡುವುದಕ್ಕೇ. ಈಗ ಅದನ್ನು ನೋಡಿದರೆ ಅವನಿಗೆ ಅನ್ನಿಸಿದ್ದೇ ಬೇರೆ. ನಾನಿಲ್ಲದೆ ಇದು ನಿಲ್ಲುವುದಾದರೆ ನಾನು ಯಾತಕ್ಕೆ?

ಹಿಂದೆ ಊರಿನ ಕಡೆಯಿಂದ ಹೆಂಡತಿ ಕೂಗುತ್ತಿದ್ದಳು. ಅಳಿಯನ ಗಾಡಿ ಹೊರಟು ನಿಂತಿತ್ತು. ಅವನು ತಿರುಗಿ ನೋಡಲಿಲ್ಲ. ಕಲ್ಲು ಎತ್ತಿ ಬೀಗ ಒಡೆದ. ಒಳಗೆ ಹೋಗಿ ಚಕ್ರವನ್ನು ಅರ್ಧ ಸುತ್ತು ತಿರುಗಿಸಿದ. ಮುಳ್ಳು ಅಲುಗಲಿಲ್ಲ. ಇನ್ನರ್ಧ ಸುತ್ತು ತಿರುಗಿಸಿದ. ಗಾಡಿ ಕೆರೆಯ ಏರಿ ದಾಟುವ ಹೊತ್ತಿಗೆ ಮುಳ್ಳು ಛಂಗನೆ ಹಾರಿ ಗೆರೆಯ ಆಚೆ ಬಿತ್ತು. ಅವನು ಉಸ್ಸೆಂದು ಉಸಿರು ಬಿಟ್ಟ. "ನೋಡು, ನಾ ಬರದಿದ್ದರೆ ಗತಿ ಏನಾಗ್ತಿತ್ತು!" ಎಂದುಕೊಂಡು ಚಕ್ರಕ್ಕೆ ಎರಡೂ ಕೈ ಹಾಕಿದ.

ಶಿಷ್ಯ ಬಿದ್ದು ಬಿದ್ದು ನಕ್ಕ. "ಎಂಥ ಹುಚ್ಚ ಅಜ್ಜಾರೇ! ಬೇಡಿದ್ದು ಕಣ್ಣೆದುರಿಗೆ ಬಂದು ನಿಂತಾಗ ಯಾರಾದರೂ ಹಾಗೆ ಮಾಡುತ್ತಾರೆಯೇ?"

ಅಜ್ಜನವರು ಅವನನ್ನೇ ನೋಡುತ್ತ ಕೇಳಿದರು: "ಶಾಂತಿ ಈಗಲೇ ಬಂತೆನ್ನು ತಮ್ಮಾ, ನೀನು ತಡೆದುಕೊಳ್ಳುತ್ತೀಯಾ?"

ನಗುತ್ತಿದ್ದ ಶಿಷ್ಯ ಎದ್ದ, ಕಂಬಕ್ಕೆ ಒರಗಿದ, ಮತ್ತೆ ಕೂತ.