ಎಳೆದು ನೋಡಿದ ತಂತಿ

"ಗುರುಗಳೇ, ಒಬ್ಬರನ್ನು ನಂಬುವುದಕ್ಕೆ ಮುಂಚೆ ಎಷ್ಟು ಪರೀಕ್ಷಿಸಬೇಕು?" ಎಂದು ಫಕೀರೇಶ ಕೇಳಿದ.

ಕೇಳಿದ್ದು ಹೆಂಡತಿ ದಾನಮ್ಮನ ವಿಷಯ. ಮದುವೆಯಾದಾಗಿನಿಂದ ಅವನಿಗೆ ಒಳಗೊಳಗೇ ಅನುಮಾನ. ಕೆಲಸ ಹೋಯಿತೆಂದು ಸುಳ್ಳು ಹೇಳಿ ನೋಡಿದ್ದ. ಅವಳು ಕೈಬಳೆ ಬಿಚ್ಚಿ ಕೊಟ್ಟಿದ್ದಳು. ಆಮೇಲೆ ಆಸೆ ತೋರಿಸಿ ನೋಡೆಂದು ಗೆಳೆಯನೊಬ್ಬನನ್ನು ಕಳಿಸಿದ. ಅವಳು ಅವನನ್ನು ಉಗಿದು ಓಡಿಸಿದಳು. ಕಳಿಸಿದವರು ಯಾರೆಂದು ತಿಳಿದಾಗ ತವರಿಗೆ ಹೊರಟುಹೋದಳು. ಈಗ ಕರೆತರಬೇಕು. ಆದರೆ ಕರೆತರುವ ಮುಂಚೆ ಇನ್ನೊಂದೇ ಒಂದು ಸಲ ಪರೀಕ್ಷಿಸಬೇಕೆಂದು ಅವನ ಮನಸ್ಸು ತುಡಿಯುತ್ತಿತ್ತು. ಎಲ್ಲವನ್ನೂ ಗುರುಗಳ ಮುಂದೆ ಹೇಳಿಕೊಂಡ.

"ಭಲೇ! ನಿನ್ನಂಥವನೇ ಒಬ್ಬನಿದ್ದ, ಕೇಳು," ಎಂದರು ಗುರುಗಳು. ಸನ್ಯಾಸಕ್ಕೆ ಮುಂಚೆ ಅವರು ಭೌತವಿಜ್ಞಾನ ಓದಿದ್ದವರು.

"ನೆಲದಾಳದ ಸುರಂಗದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರವೊಂದಿತ್ತು. ಸಿಡಿದ ಕಣ ಯಾವ ದಾರಿ ಹಿಡಿಯಿತೆಂದು ತಿಳಿಯಲು ಸುತ್ತಲೂ ಸಿಲಿಕಾನ್ ಫಲಕಗಳನ್ನು ಇಡುತ್ತಿದ್ದರು. ಒಬ್ಬ ಕುಶಲಕರ್ಮಿ ಆ ಫಲಕಗಳಿಗೆ ಕೂದಲಿಗಿಂತ ತೆಳುವಾದ ತಂತಿಗಳನ್ನು ಬೆಸೆಯುತ್ತಿದ್ದ. ಫಲಕ ಕಂಡದ್ದನ್ನು ಹೊರಗೆ ಮುಟ್ಟಿಸುವುದು ಆ ತಂತಿಗಳೇ. ಒಳಗಿಟ್ಟು ಮುಚ್ಚಿದ ಮೇಲೆ ವರ್ಷಗಟ್ಟಲೆ ಯಾರ ಕೈಯೂ ಅಲ್ಲಿಗೆ ಹೋಗದು.

"ಹಿಂದೊಮ್ಮೆ ಅವನು ಮಾಡಿದ ಫಲಕವೊಂದು ಒಳಗೆ ಹೋದ ಮೇಲೆ ತಂತಿ ಬಿಟ್ಟು ಮೂಕವಾಯಿತು. ಅಂದಿನಿಂದ ಪಾಪ, ಅವನಿಗೆ ಅನ್ನ ಸೇರದು, ನಿದ್ದೆ ಹತ್ತದು.

"ತಂತಿಯ ಗಟ್ಟಿತನ ನೋಡಲು ಒಂದು ಕ್ರಮವಿತ್ತು. ಬೇರೊಂದು ಮಾದರಿ ತುಂಡಿಗೆ ಅದೇ ಕೈ ತಂತಿ ಬೆಸೆಯಬೇಕು. ಸಣ್ಣ ಕೊಕ್ಕೆ ಹಾಕಿ ಹರಿಯುವವರೆಗೆ ಎಳೆಯಬೇಕು. ಎಷ್ಟು ತಾಳಿತೆಂದು ಮಾಪಕದ ಮುಳ್ಳು ತೋರಿಸುತ್ತದೆ. ಮಾದರಿ ತಾಳಿದರೆ ಫಲಕದ್ದೂ ತಾಳುತ್ತದೆಂದು ನಂಬಿ ಬಿಡಬೇಕು.

"ಇವನಿಗೆ ನಂಬಲಾಗಲಿಲ್ಲ. ನಿಜವಾದ ಫಲಕಕ್ಕೇ ಕೊಕ್ಕೆ ಹಾಕಿದ. ತಂತಿ ಚೆನ್ನಾಗಿ ತಾಳಿ, ಆಮೇಲೆ ಹರಿಯಿತು. ಅವನಿಗೆ ಹಿಗ್ಗೋ ಹಿಗ್ಗು! ಮರುಗಳಿಗೆಯಲ್ಲಿ ಪಕ್ಕದ ತಂತಿಯ ಮೇಲೆ ಅನುಮಾನ. ಅದನ್ನೂ ಎಳೆದ.

"ಜೊತೆಗೆ ಕೆಲಸ ಮಾಡುವವಳು ಓಡಿಬಂದು ಕೈ ಹಿಡಿದಳು. 'ಅಯ್ಯೋ, ತಲೆ ನೆಟ್ಟಗಿದೆಯೇನೋ ನಿನಗೆ?'

"'ಒಂದಾದರೂ ಸೋತಿದೆಯಾ ನೋಡು!' ಎಂದು ಅವನು ಕೈ ಕೊಡವಿಕೊಂಡ. ಸಂಜೆಯ ಹೊತ್ತಿಗೆ ಫಲಕ ಬೋಳಾಗಿತ್ತು."

"ಮತ್ತೆ ಬೆಸೆಯಬಹುದಿತ್ತಲ್ಲ?" ಎಂದ ಫಕೀರೇಶ.

"ಬೆಸೆಯಲು ಹೋದನಪ್ಪ. ತಂತಿಯ ಜೊತೆಗೆ ಅಡಿಯ ಲೋಹವೂ ಎದ್ದು ಬಂದಿತ್ತು, ಬೆಸುಗೆ ಕೂರಲಿಲ್ಲ. ಅಂಥ ಫಲಕ ಇನ್ನೊಂದಿರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟೇ ಯಂತ್ರವನ್ನು ಮುಚ್ಚಿದರು. ಅವನು ಮುಳ್ಳಿನ ಮುಂದೆ ಕೂತು ಮಕ್ಕಳ ಹಾಗೆ ಅತ್ತ."

ಫಕೀರೇಶ ತಲೆ ತಗ್ಗಿಸಿದ. ಆದರೂ ನಾಲಿಗೆ ಸುಮ್ಮನಿರಲಿಲ್ಲ. "ಗುರುಗಳೇ, ನಾನು ಕೇಳುವುದು ಒಂದೇ ಸಲ. ಇದೇ ಕೊನೆ."

ಗುರುಗಳು ಅವನ ಮುಖವನ್ನೇ ನೋಡಿದರು.

"ಇನ್ನೊಂದು ಸಲ ಎಳೆಯುತ್ತೇನೆ ಅನ್ನುತ್ತೀಯಲ್ಲ, ಅಲ್ಲಿ ಎಳೆಯಲಿಕ್ಕೆ ಇನ್ನೇನು ಉಳಿಸಿದ್ದೀಯ?"